ಗಂಗಾಳಗುಡ್ಡಕ್ಕೆ ಆ ಹೆಸರು ಬಂದ ಬಗೆ

ಚಿತ್ರದುರ್ಗದಿಂದ ಬಳ್ಳಾರಿ ಸೀಮೆಗೆ ಹೋಗುವ ಹಳೆಯ ಗಾಡಿದಾರಿಯ ಬಲಮಗ್ಗುಲಿಗೆ ಕಾರೆಹಟ್ಟಿ ಎಂಬ ಊರಿದೆ. ಊರಿನ ಬೆನ್ನಿಗೇ ಒಂದು ಗುಡ್ಡ. ಅದನ್ನು ಗಂಗಾಳಗುಡ್ಡ ಎನ್ನುತ್ತಾರೆ. ಎತ್ತರವೇನೂ ಹೆಚ್ಚಿಲ್ಲ, ಬಿಸಿಲೇರುವ ಮೊದಲು ಹೊರಟರೆ ಮುದುಕರೂ ನಡುನಡುವೆ ಕುಳಿತು ಸುಧಾರಿಸಿಕೊಂಡು ನೆತ್ತಿ ಮುಟ್ಟಬಹುದು. ಮೈತುಂಬ ದುಂಡು ಬಂಡೆಗಳು, ಬಂಡೆಗಳ ಸಂದಿಯಲ್ಲಿ ಕಾರೆಕಂಟಿ, ಸೀತಾಫಲ, ಅಲ್ಲೊಂದು ಇಲ್ಲೊಂದು ಕಮರದ ಮರ. ಕರಡಿಗಳಿವೆ ಎಂದು ಹಟ್ಟಿಯವರು ಹೆದರಿಸುತ್ತಾರೆ. ಸೀತಾಫಲ ಹಣ್ಣಾಗುವ ಕಾಲದಲ್ಲಿ ಅದು ನಿಜವೂ ಹೌದು. ಹೊಸಬರು ಬಂದು ಹೆಸರಿನ ಅರ್ಥ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನೆತ್ತಿಯ ಬಂಡೆ ಉಣ್ಣುವ ಗಂಗಾಳದ ಹಾಗೆ ಚಪ್ಪಟೆಯಾಗಿದೆ, ಅದಕ್ಕೇ ಆ ಹೆಸರು ಎಂದು ಕೆಲವರು. ಪಾಂಡವರು ವನವಾಸದಲ್ಲಿ ಇಲ್ಲಿ ಉಂಡು ತಮ್ಮ ಕಂಚಿನ ಗಂಗಾಳಗಳನ್ನು ಬಿಟ್ಟುಹೋದರು ಎಂದು ಇನ್ನು ಕೆಲವರು. ಪಾಂಡವರು ಉಣ್ಣದ ಗುಡ್ಡ ನಮ್ಮ ನಾಡಿನಲ್ಲಿ ಒಂದೂ ಇಲ್ಲವಾದ್ದರಿಂದ ಆ ಮಾತನ್ನು ಬಿಡೋಣ. ಹಟ್ಟಿಯ ಹಳೆಯ ಮನೆತನದವರು ಹೇಳುವ ಸಂಗತಿಯೇ ಬೇರೆ. ಅದು ಕುಂಪಣಿ ಸರ್ಕಾರದ ಕಾಲದ್ದು.

ಹಿಂದೆ ಒಮ್ಮೆ, ಪಾಳೇಗಾರರ ಕೋಟೆಗಳು ಬರಿದಾಗಿ ಕುಂಪಣಿಯವರ ಸಿಪಾಯಿಗಳು ಊರೂರು ತಿರುಗತೊಡಗಿದ್ದ ದಿನಗಳಲ್ಲಿ, ಈ ಗುಡ್ಡಕ್ಕೆ ಹೆಸರೇ ಇರಲಿಲ್ಲ. ಹಟ್ಟಿಯ ಜನ ‘ಹಿಂದಲ ಗುಡ್ಡ’ ಎಂದು ಕರೆದು ಸುಮ್ಮನಾಗುತ್ತಿದ್ದರು. ಆಗ ಹಟ್ಟಿಯಲ್ಲಿ ಸೂರಮ್ಮ ಎಂಬ ಹೆಂಗಸಿದ್ದಳು. ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಒಬ್ಬನೇ ಮಗ ಕಾಟಯ್ಯನನ್ನು ಕುರಿ ಮೇಯಿಸಿ ಸಾಕಿದವಳು. ಬಾಯಿ ಜೋರು, ಕೈ ಧಾರಾಳ. ಕಾಟಯ್ಯನಿಗೆ ಮೂಡಲ ಸೀಮೆಯಿಂದ ಪಾಲಮ್ಮ ಎಂಬ ಹುಡುಗಿಯನ್ನು ತಂದು ಮದುವೆ ಮಾಡಿದ್ದಳು. ಪಾಲಮ್ಮನದು ಮಾತು ಬಲು ಕಡಿಮೆ. ಅತ್ತೆಯ ಎದುರಿಗೆ ಗಂಡನೊಡನೆ ಮಾತಾಡುವುದು ಆಗಿನ ಕಾಲಕ್ಕೆ ಸಲ್ಲದ ನಡತೆ. ಅತ್ತೆ ಇಲ್ಲದಾಗ ಮಾತಾಡೋಣವೆಂದರೆ ಆ ಚಿಕ್ಕ ಗುಡಿಸಿಲಿನಲ್ಲಿ ಅತ್ತೆ ಇಲ್ಲದ ಗಳಿಗೆಯೇ ಇರಲಿಲ್ಲ. ಕಾಟಯ್ಯನ ಗಂಗಾಳವನ್ನು ಹುಣಸೆಹಣ್ಣು, ಬೂದಿ ಹಚ್ಚಿ ಮುಖ ಕಾಣುವಂತೆ ಬೆಳಗುವುದು, ಅದರಲ್ಲಿ ಮುದ್ದೆ ಬಡಿಸುವಾಗ ಸಾರಿಗೆ ಒಂದು ಸೌಟು ಹೆಚ್ಚಿಗೆ ಹಾಕುವುದು, ಇಷ್ಟೇ ಅವಳಿಗೆ ಬರುತ್ತಿದ್ದ ಮಾತು. ಅವನು ತಲೆ ಎತ್ತದೆ ಉಣ್ಣುತ್ತಿದ್ದ. ಉಂಡು ಎದ್ದಾಗ ಗಂಗಾಳದಲ್ಲಿ ಒಂದು ಚೂರೂ ಉಳಿದಿರುತ್ತಿರಲಿಲ್ಲ. ಅದನ್ನು ನೋಡಿ ಅವಳಿಗೆ ಎದೆ ತುಂಬಿ ಬರುತ್ತಿತ್ತು ಎನ್ನುತ್ತಾರೆ.

ಆ ವರ್ಷದ ಬೇಸಿಗೆಯಲ್ಲಿ ಮೋಜಣಿ ದೊರೆ ಬಂದ. ಹಡಗಿಳಿದ ದೇಶವನ್ನೆಲ್ಲ ಅಳೆದು ಕಾಗದದ ಮೇಲೆ ಇಳಿಸಬೇಕೆಂದು ಕುಂಪಣಿಯವರಿಗೆ ಆಸೆ ಹತ್ತಿತ್ತು. ಅಳೆಯದ ನೆಲದ ಮೇಲೆ ಕಂದಾಯ ಹಾಕುವುದು ಹೇಗೆ, ದಾರಿ ತಿಳಿಯದ ಕಡೆಗೆ ದಂಡು ಕಳಿಸುವುದು ಹೇಗೆ? ದೊರೆಯ ಸಂಗಡ ಡೇರೆಗಳು, ಒಂಟೆಗಳು, ಬಂದೂಕಿನ ಸಿಪಾಯಿಗಳು, ಮೈಸೂರಿನ ಕಡೆಯ ಒಬ್ಬ ದುಭಾಷಿ, ಮತ್ತೆ ಪಲ್ಲಕ್ಕಿಯ ಹಾಗೆ ಹೆಗಲ ಮೇಲೆ ಹೊತ್ತು ತರುವ ಒಂದು ಭಾರೀ ಹಿತ್ತಾಳೆಯ ಯಂತ್ರ. ಅದಕ್ಕೆ ದುರ್ಬೀನು ಸಿಕ್ಕಿಸಿತ್ತು. ದೊರೆ ಬಡಗಲಿನ ಹದ್ದಿನಕಲ್ಲು ಎಂಬ ಬೆಟ್ಟದ ಮೇಲೆ ಯಂತ್ರ ಹೂಡಿದ. ಅಲ್ಲಿಂದ ನೋಡಿದರೆ ದೂರದ ಜೋಡಿಗುಂಡಿನ ಬೆಟ್ಟವೂ, ಅದಕ್ಕೆ ತಾಗಿದಂತೆ ನಮ್ಮ ಹಿಂದಲ ಗುಡ್ಡವೂ ಪಕ್ಕಪಕ್ಕದಲ್ಲಿ ಕಾಣುತ್ತಿದ್ದವು. ನೆಲದ ಮೇಲೆ ನಡೆದರೆ ಎರಡರ ನಡುವೆ ಎರಡು ಹರದಾರಿ. ಜೋಡಿಗುಂಡಿನ ನೆತ್ತಿಯಲ್ಲಿ ಒಬ್ಬ ಆಳು ಕನ್ನಡಿ ಹಿಡಿದು ನಿಂತು ಸೂರ್ಯನ ಬೆಳಕನ್ನು ಹದ್ದಿನಕಲ್ಲಿನ ಕಡೆಗೆ ತಿರುಗಿಸಬೇಕು. ಆ ಬೆಳಕಿನ ಚುಕ್ಕೆಯನ್ನು ನೋಡಿ ದೊರೆ ಅಳತೆ ತೆಗೆಯಬೇಕು. ಇದು ಕೆಲಸ. ಇಂಥ ಕೆಲಸಕ್ಕೆಲ್ಲ ಊರಿನಿಂದ ಬಿಟ್ಟಿ ಆಳುಗಳನ್ನು ಹಿಡಿದರು. ಹಟ್ಟಿಯ ಗಂಡಸರಲ್ಲಿ ಅರ್ಧದಷ್ಟು ಮಂದಿ ಯಂತ್ರ ಹೊರಲು, ನೀರು ಹೊರಲು, ಮರ ಕಡಿಯಲು ಹೋದರು. ಕಾಟಯ್ಯನ ಕಣ್ಣು ಚುರುಕು, ಕೈ ಅಲುಗದು ಎಂದು ಯಾರೋ ಹೇಳಿದ್ದರಿಂದ ಅವನನ್ನು ಕನ್ನಡಿಗೆ ಹಾಕಿದರು. ಹೊರಡುವಾಗ ಅವನು ತಾಯಿಯ ಕಾಲು ಮುಟ್ಟಿದ. ಬಾಗಿಲ ಮರೆಯಲ್ಲಿದ್ದ ಪಾಲಮ್ಮನ ಕಡೆ ಒಮ್ಮೆ ನೋಡಿದ. ಅವಳು ಏನೋ ಹೇಳಬೇಕೆಂದುಕೊಂಡಳು, ಬಾಯಿ ಬರಲಿಲ್ಲ. ಅಷ್ಟರಲ್ಲಿ ಸಿಪಾಯಿ ಕೂಗಿದ.

ಆಳುಗಳ ಊಟಕ್ಕೆ ಹಿಟ್ಟು, ಕಾರ ಅವರವರ ಮನೆಯಿಂದಲೇ ಹೋಗಬೇಕು. ಅದನ್ನು ಹೊತ್ತು ಬೆಟ್ಟಬೆಟ್ಟಕ್ಕೆ ತಿರುಗುತ್ತಿದ್ದವನು ಗಾದ್ರಣ್ಣ ಎಂಬ ನಡುವಯಸ್ಸಿನವನು. ಮೊದಲ ಸಲ ಹೋಗಿ ಬಂದವನೇ ಸೂರಮ್ಮನ ಅಂಗಳದಲ್ಲಿ ಕುಳಿತು, “ಬೆಳಿಗ್ಗೆ ಹಿಂದಲ ಗುಡ್ಡ ಹತ್ತಿ ನೋಡವ್ವ, ಜೋಡಿಗುಂಡಿನ ಮ್ಯಾಲೆ ಹಗಲು ಚುಕ್ಕಿ ಕಾಣ್ತೈತೆ. ಅದೇ ನಿನ್ನ ಮಗ” ಎಂದ. ಸೂರಮ್ಮನಿಗೆ ಮಂಡಿನೋವು, ಆದರೂ ಸೊಸೆಯ ಹೆಗಲು ಹಿಡಿದು ಹತ್ತಿದಳು. ನೋಡಿದರೆ ನಿಜ. ಮಸುಕು ನೀಲಿಯ ಬೆಟ್ಟದ ತುದಿಯಲ್ಲಿ ಬೆಳಕಿನ ಒಂದು ಹರಳು ಆಗಾಗ ಮಿನುಗುತ್ತಿತ್ತು. ಕನ್ನಡಿಯನ್ನು ಸರಿಮಾಡಿಕೊಳ್ಳುವಾಗ ಈ ಕಡೆಗೂ ಒಂದಿಷ್ಟು ಚೆಲ್ಲುತ್ತಿದ್ದ ಬೆಳಕು ಅದು. ಸೂರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಬಿಸಿಲಿಗೆ ನೀರು ಬರುತ್ತಿದೆ ಎಂದಳು.

ಮಾರನೆಯ ದಿನ ಪಾಲಮ್ಮ ಒಬ್ಬಳೇ ಹತ್ತಿದಳು. ಮಡಿಲಲ್ಲಿ ಗಂಡನ ಗಂಗಾಳ. ಉಣ್ಣುವವನು ಇಲ್ಲದಿದ್ದರೂ ಅವಳು ಅದನ್ನು ದಿನವೂ ಬೆಳಗುವುದನ್ನು ಬಿಟ್ಟಿರಲಿಲ್ಲ. ನೆತ್ತಿಯ ಬಂಡೆಯ ಮೇಲೆ ನಿಂತು ಗಂಗಾಳವನ್ನು ಬಿಸಿಲಿಗೆ ಹಿಡಿದಳು. ಬೆಳಕು ಮೊದಲು ಕಾಲ ಬಳಿ ಬಿತ್ತು, ಆಮೇಲೆ ಕೆಳಗಿನ ಗಿಡದ ಮೇಲೆ ಓಡಾಡಿತು, ಕೊನೆಗೆ ಬಯಲಿಗೆ ಜಿಗಿದು ಕಾಣದಾಯಿತು. ಎಲ್ಲಿ ಬೀಳುತ್ತಿದೆಯೋ ಅವಳಿಗೆ ಗೊತ್ತಾಗಲಿಲ್ಲ. ಸುಮ್ಮನೆ ಆ ಕಡೆಗೆ ಅಲುಗಾಡಿಸುತ್ತ ನಿಂತಳು, ಕೈ ಸೋಲುವ ತನಕ. ಇನ್ನೇನು ಇಳಿಯಬೇಕು ಎನ್ನುವಾಗ ಜೋಡಿಗುಂಡಿನ ಬೆಳಕು ಅವಳ ಕಡೆಗೆ ನೇರವಾಗಿ ತಿರುಗಿತು. ಕಣ್ಣಿಗೆ ಹೊಡೆದಂತಾಗಿ ಅವಳು ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ನೋಡಿದಳು, ಬೆಳಕು ಹೋಗಲಿಲ್ಲ. ಮದುವೆಯಾದ ಮೇಲೆ ಅವನು ಅವಳನ್ನು ಅಷ್ಟು ಹೊತ್ತು ದಿಟ್ಟಿಸಿ ನೋಡಿದ್ದು ಅದೇ ಮೊದಲು.

ಮುಂದಿನದಕ್ಕೆ ಗಾದ್ರಣ್ಣನೇ ಸೇತುವೆಯಾದ. ಹಿಟ್ಟು ಕೊಟ್ಟು ಬರುವಾಗ ಕಾಟಯ್ಯನ ಮಾತು ತಂದ: ಗಂಗಾಳವನ್ನು ಒಮ್ಮೆ ಮೇಲೆ ಕೆಳಗೆ ಆಡಿಸಿದರೆ ‘ಉಂಡೆಯಾ’ ಎಂದು ಅರ್ಥ, ಅವನು ಕನ್ನಡಿಗೆ ಅಂಗೈ ಮುಚ್ಚಿ ತೆಗೆದರೆ ‘ಉಂಡೆ’. ಅಡ್ಡಡ್ಡ ಆಡಿಸಿದರೆ ‘ಅವ್ವ ಚೆನ್ನಾಗಿದ್ದಾಳೆ’. ಗಂಗಾಳವನ್ನು ಅಲುಗಿಸದೆ ಹಿಡಿದು ನಿಂತರೆ ಅದಕ್ಕೆ ಏನು ಅರ್ಥವೋ ಗಾದ್ರಣ್ಣನಿಗೆ ಕಾಟಯ್ಯ ಹೇಳಿ ಕಳಿಸಲಿಲ್ಲ, ಪಾಲಮ್ಮ ಕೇಳಲೂ ಇಲ್ಲ. ಸೊಸೆ ಸೊಪ್ಪಿಗೆಂದು ಗುಡ್ಡಕ್ಕೆ ಹೋಗಿ ಬರಿಗೈಯಲ್ಲಿ ಬರುವುದನ್ನು ಸೂರಮ್ಮ ಕಂಡಿದ್ದಳು. ಒಲೆಯ ಮುಂದೆ ಕುಳಿತು, “ಉಂಡನಂತಾ?” ಎಂದು ಮಾತ್ರ ಕೇಳುತ್ತಿದ್ದಳು. ಪಾಲಮ್ಮ ತಲೆಯಾಡಿಸುತ್ತಿದ್ದಳು. ಆಮೇಲೆ ಇಬ್ಬರೂ ಉಣ್ಣುತ್ತಿದ್ದರು.

ಆದರೆ ಒಂದು ಕನ್ನಡಿ ಎರಡು ಕಡೆ ಬೆಳಗಲಾರದು. ಕಾಟಯ್ಯ ಹೆಂಡತಿಯ ಕಡೆಗೆ ತಿರುಗಿಸಿದಾಗೆಲ್ಲ ಹದ್ದಿನಕಲ್ಲಿನಲ್ಲಿದ್ದ ದೊರೆಗೆ ಚುಕ್ಕೆ ಕಾಣದಾಗುತ್ತಿತ್ತು. ಅಳತೆ ಕೆಟ್ಟು ಮತ್ತೆ ಮೊದಲಿನಿಂದ ತೆಗೆಯಬೇಕಾಗುತ್ತಿತ್ತು. ಒಂದು ದಿನ ಅವನು ದುರ್ಬೀನನ್ನು ಪಕ್ಕಕ್ಕೆ ಹೊರಳಿಸಿ ನೋಡಿದಾಗ, ಹೆಸರಿಲ್ಲದ ಗುಡ್ಡದ ಮೇಲೂ ಒಂದು ಬೆಳಕು ಕುಣಿಯುತ್ತಿತ್ತು. ಪಾಳೇಗಾರರ ಕಡೆಯವರು ಕಾಡಿನಲ್ಲಿ ಇನ್ನೂ ತಲೆಮರೆಸಿಕೊಂಡಿದ್ದ ಕಾಲ ಅದು. ಬೆಟ್ಟದಿಂದ ಬೆಟ್ಟಕ್ಕೆ ದಂಗೆಯ ಸುದ್ದಿ ಹಾಯುತ್ತಿದೆ ಎಂದು ದೊರೆ ಅಂದುಕೊಂಡ. ಆ ದಿನವೇ ಸಿಪಾಯಿಗಳು ಜೋಡಿಗುಂಡಿಗೆ ಹೋಗಿ ಕಾಟಯ್ಯನ ಕೈಗೆ ಹಗ್ಗ ಬಿಗಿದರು. ಇನ್ನೊಂದು ಗುಂಪು ಕಾರೆಹಟ್ಟಿಗೆ ಬಂತು. ಗುಡ್ಡದ ಮೇಲೆ ಬೆಳಕು ಹಿಡಿದವನನ್ನು ಒಪ್ಪಿಸಬೇಕು, ಇಲ್ಲವಾದರೆ ಹಟ್ಟಿಗೆ ಬೆಂಕಿ ಇಡುತ್ತೇವೆ, ಕಾಟಯ್ಯನನ್ನಂತೂ ಕರಿನೀರು ದಾಟಿಸುವುದು ಖಂಡಿತ ಎಂದು ದುಭಾಷಿ ಸಾರಿದ.

ಹಟ್ಟಿಯ ಗೌಡ ಕೈಮುಗಿದು ನಿಂತ. ಗಂಡಸರ ಎದುರಿಗೆ ಒಂದು ದಿನವೂ ಬಾರದಿದ್ದ ಪಾಲಮ್ಮ ಗುಂಪಿನ ಹಿಂದಿನಿಂದ ಬಂದು ನಡುವೆ ನಿಂತಳು. ಗಂಗಾಳವನ್ನು ನೆಲದ ಮೇಲಿಟ್ಟಳು.

“ಹಿಡಿದೋಳು ನಾನು” ಎಂದಳು.

ದುಭಾಷಿಗೆ ನಗು ಬಂತು. “ಏನಮ್ಮ, ಯಾರನ್ನು ಉಳಿಸೋಕೆ ಹೇಳ್ತಿದ್ದೀಯ? ಏನು ಸುದ್ದಿ ಕಳಿಸುತ್ತಿದ್ದೆ?”

ಪಾಲಮ್ಮನ ಮುಖ ಕಿವಿಯವರೆಗೆ ಕೆಂಪೇರಿತು. ಇಡೀ ಹಟ್ಟಿ ನೋಡುತ್ತಿತ್ತು, ಅತ್ತೆ ನೋಡುತ್ತಿದ್ದಳು. “ಉಂಡ್ರಾ ಅಂತ ಕೇಳ್ತಿದ್ದೆ” ಎಂದಳು.

ದುಭಾಷಿ ಕೆಟ್ಟವನಲ್ಲ. ಅವನಿಗೂ ದೂರದಲ್ಲಿ ಮನೆಮಂದಿ ಇದ್ದರು. ಅವಳ ಮುಖ ನೋಡಿ ಅವನ ನಗು ನಿಂತಿತು. ದೊರೆಗೆ ಈ ಮಾತನ್ನು ತಲುಪಿಸಿದ. ದೊರೆ ನಂಬಲಿಲ್ಲ, ಆದರೂ ಪರೀಕ್ಷೆ ನೋಡುವುದಕ್ಕೆ ಒಪ್ಪಿದ. ಯಂತ್ರವನ್ನು ಜೋಡಿಗುಂಡಿಗೆ ಹೊರಿಸಿದ. ಕಾಟಯ್ಯನನ್ನು ಬೇರೆಯಾಗಿ ಕೂರಿಸಿ, ಸಿಪಾಯಿಯೊಬ್ಬನ ಮೂಲಕ ಒಂದೊಂದು ಸನ್ನೆಗೂ ಅರ್ಥ ಕೇಳಿದ. ಇತ್ತ ದುಭಾಷಿ ಪಾಲಮ್ಮನಿಂದಲೂ ಕೇಳಿ ತಿಳಿದುಕೊಂಡಿದ್ದ. ಗೊತ್ತು ಮಾಡಿದ ಬೆಳಿಗ್ಗೆ ಅಲ್ಲಿ ಕಾಟಯ್ಯನ ಹಗ್ಗ ಬಿಚ್ಚಿ ಕೈಗೆ ಕನ್ನಡಿ ಕೊಟ್ಟರು, ಇಲ್ಲಿ ದುಭಾಷಿ ಅವಳನ್ನು ಗುಡ್ಡದ ಮೇಲೆ ನಿಲ್ಲಿಸಿ, ದಿನವೂ ಹೇಳುವುದನ್ನೇ ಹೇಳು ಎಂದ. ಸುತ್ತ ಸಿಪಾಯಿಗಳು, ಹಿಂದೆ ಸೂರಮ್ಮ, ಕೆಳಗೆ ಇಳಿಜಾರಿನ ತುಂಬ ಹಟ್ಟಿಯ ಜನ. ಪಾಲಮ್ಮ ಗಂಗಾಳವನ್ನು ಮೇಲೆ ಕೆಳಗೆ ಆಡಿಸಿದಳು. ಆ ಕಡೆ ಬೆಳಕು ಮುಚ್ಚಿ ತೆರೆಯಿತು. ಅಡ್ಡಡ್ಡ ಆಡಿಸಿದಳು. ಅದಕ್ಕೂ ಬೆಳಕು ಮುಚ್ಚಿ ತೆರೆಯಿತು. ಇಬ್ಬರೂ ಹೇಳಿದ್ದು ತಾಳೆಯಾಗಿತ್ತು, ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪಾಲಮ್ಮ ಗಂಗಾಳ ಇಳಿಸಲಿಲ್ಲ. ಅವನು ಹೊರಟುಹೋದ ಮೇಲೆ ತಿಳಿದುಬಂದ ಒಂದು ಮಾತು ಅವಳ ಬಳಿ ಇತ್ತು. ಗಾದ್ರಣ್ಣನ ಬಾಯಲ್ಲಿ ಹೇಳಿ ಕಳಿಸುವಂಥದ್ದಲ್ಲ, ಅದಕ್ಕೊಂದು ಸನ್ನೆಯೂ ಇರಲಿಲ್ಲ. ಇನ್ನು ನಾಳೆ ಅವನನ್ನು ಎಲ್ಲಿಗೆ ಒಯ್ಯುತ್ತಾರೋ ಬಲ್ಲವರಾರು? ಅವಳು ಗಂಗಾಳವನ್ನು ಎರಡೂ ಕೈಯಲ್ಲಿ ಮೆಲ್ಲಗೆ ಕೆಳಗೆ ತಂದು ಹೊಟ್ಟೆಗೆ ಆನಿಸಿ ಹಿಡಿದಳು. ಹಾಗೇ ನಿಂತಳು.

“ಇದೇನಿದು? ಇದನ್ನು ನೀನು ಹೇಳಿರಲಿಲ್ಲವಲ್ಲ” ಎಂದ ದುಭಾಷಿ.

ಸೂರಮ್ಮ ಸೊಸೆಯನ್ನು ನೋಡಿದಳು. ಅವಳಿಗೂ ಸಂಗತಿ ತಿಳಿದದ್ದು ಆ ಗಳಿಗೆಯಲ್ಲೇ. ಮಂಡಿನೋವು ಮರೆತು ಎರಡು ಹೆಜ್ಜೆ ಮುಂದೆ ಬಂದು ಸೊಸೆಯ ಬೆನ್ನಿಗೆ ಕೈ ಕೊಟ್ಟು ನಿಂತಳು. “ಅದು ನಿಮ್ಮ ದೊರೆಗೆ ಹೇಳಿದ್ದಲ್ಲ ಸ್ವಾಮಿ” ಎಂದಳು.

ಆ ಕಡೆ ಏನಾಯಿತೆಂಬುದನ್ನು ಕಾಟಯ್ಯ ಆಮೇಲೆ ಮೊಮ್ಮಕ್ಕಳ ಕಾಲದವರೆಗೂ ಹೇಳುತ್ತಿದ್ದನಂತೆ. ದುರ್ಬೀನಿನಲ್ಲಿ ಕಂಡದ್ದು ದೊರೆಗೆ ಅರ್ಥವಾಗದೆ, ಕಾಟಯ್ಯನ ಕತ್ತು ಬಗ್ಗಿಸಿ ನೋಡು ಎಂದ. ಆ ಯಂತ್ರದಲ್ಲಿ ಲೋಕವೆಲ್ಲ ತಲೆಕೆಳಗಾಗಿ ಕಾಣುತ್ತದೆ. ಕಾಟಯ್ಯ ನೋಡಿದರೆ ಗುಡ್ಡ ಮೇಲಿದೆ, ಆಕಾಶ ಕೆಳಗಿದೆ, ಬೆರಳ ಉಗುರಿನಷ್ಟು ದೊಡ್ಡದಾಗಿ ಪಾಲಮ್ಮ ತಲೆ ಕೆಳಗೆ ಮಾಡಿ ನಿಂತಿದ್ದಾಳೆ. ಅವಳ ಹೊಟ್ಟೆಯ ಮೇಲೆ ಸೂರ್ಯನಿದ್ದಾನೆ. ಕಾಟಯ್ಯ ಮೊದಲು ನಕ್ಕ, ಆಮೇಲೆ ಅತ್ತ. ಏನು ಸುದ್ದಿ ಎಂದು ಎಷ್ಟು ಕೇಳಿದರೂ, ಮನೆಯ ಮಾತು ಎಂದುಬಿಟ್ಟ.

ದಂಗೆಯಲ್ಲ ಎಂದು ದೊರೆಗೆ ಮನವರಿಕೆಯಾಯಿತು. ಕರಿನೀರಿನ ಮಾತು ಬಿಟ್ಟ. ಆದರೆ ಸರ್ಕಾರದ ಬೆಳಕನ್ನು ಮನೆಯ ಮಾತಿಗೆ ಬಳಸಿದ ತಪ್ಪಿಗೆ ಕಾಟಯ್ಯ ಇನ್ನು ಮುಂದೆ ಮೋಜಣಿಯ ಹಿಂದೆಯೇ ಬಡಗಲಿಗೆ ನಡೆಯಬೇಕು, ಅಳತೆ ಮುಗಿಯುವ ಕಾಲಕ್ಕೆ ಎಲ್ಲಿದ್ದರೆ ಅಲ್ಲಿಂದ ಬಿಡುಗಡೆ ಎಂದು ಹುಕುಂ ಆಯಿತು. ಹೊಳೆ ದಾಟಿ, ಬೇರೆ ಭಾಷೆಯ ಸೀಮೆ ದಾಟಿ, ಎಷ್ಟು ವರ್ಷವೋ ಹೇಳಿದವರಿಲ್ಲ. ಗಂಗಾಳವನ್ನು ಸಿಪಾಯಿಗಳು ಕಿತ್ತುಕೊಂಡರು. ಹೊಳೆಯುವ ವಸ್ತು ಹಿಡಿದು ಯಾರೂ ಗುಡ್ಡ ಹತ್ತಕೂಡದು ಎಂದು ಡಂಗುರ ಹೊಡೆಸಿದರು.

ಪಾಲಮ್ಮ ಮನೆಗೆ ಬಂದು ಮೂಲೆಯಲ್ಲಿ ಕುಳಿತಳು. ಬೆಳಗಲು ಗಂಗಾಳವಿಲ್ಲ. ಕೈಗೆ ಬೂದಿ ಹತ್ತಿದ್ದನ್ನು ನೋಡಿಕೊಳ್ಳುತ್ತ ಕುಳಿತೇ ಇದ್ದಳು, ಉಣ್ಣಲು ಎದ್ದೇಳಲಿಲ್ಲ. ಸೂರಮ್ಮ ಒಂದು ದಿನ ನೋಡಿದಳು, ಎರಡು ದಿನ ನೋಡಿದಳು. ಮರುದಿನ ಬೆಳಕು ಹರಿಯುತ್ತಲೇ ಅಟ್ಟಕ್ಕೆ ಕೈ ಹಾಕಿ ಒಂದು ಹಳೆಯ ಗಂಗಾಳ ಇಳಿಸಿದಳು. ಕಾಟಯ್ಯನ ಅಪ್ಪನದು. ಅವನು ಸತ್ತ ದಿನ ಬೋರಲು ಹಾಕಿ ಅಟ್ಟಕ್ಕೇರಿಸಿದ್ದು, ಮತ್ತೆ ಮುಟ್ಟಿರಲಿಲ್ಲ. ಕಿಲುಬು ಹಿಡಿದು ಹಸಿರಾಗಿತ್ತು.

“ಏಳವ್ವ” ಎಂದಳು. “ಹುಣಸೆಹಣ್ಣು ತಗಾ. ನನ್ನ ಗಂಡನಿಗೆ ಒಂದು ಮಾತು ಹೇಳೋಕೆ ನನಗಂತೂ ಆಗಲಿಲ್ಲ. ನೀನು ಹೇಳು.”

ಅತ್ತೆ ಸೊಸೆ ಇಬ್ಬರೂ ಗಂಗಾಳ ಹೊತ್ತು ಬೀದಿಯಲ್ಲಿ ನಡೆದರು, ಮುಚ್ಚಿಕೊಳ್ಳದೆ, ಎಲ್ಲರಿಗೂ ಕಾಣುವ ಹಾಗೆ. ಬಿಟ್ಟಿಗೆ ಹೋದವರು ಕಾಟಯ್ಯನೊಬ್ಬನೇ ಅಲ್ಲವಷ್ಟೆ? ಮೂಲೆಮನೆಯ ಹೆಂಗಸು ತನ್ನ ಗಂಡನ ಗಂಗಾಳ ತಂದಳು. ಗಾದ್ರಣ್ಣನ ತಂಗಿ ಅಣ್ಣತಮ್ಮಂದಿರ ಗಂಗಾಳಗಳನ್ನು ತಂದಳು. ಗೌಡನ ಹೆಂಡತಿ ದೇವರ ಮುಂದಿನ ತಳಿಗೆಯನ್ನೇ ಎತ್ತಿಕೊಂಡು ಬಂದಳು. ಬಿಸಿಲೇರುವ ಹೊತ್ತಿಗೆ ಗುಡ್ಡದ ನೆತ್ತಿಯ ಮೇಲೆ ಹಟ್ಟಿಯ ಹೆಂಗಸರೆಲ್ಲ ಇದ್ದರು. ಕೆಲವರು ಜೋಡಿಗುಂಡಿನ ಕಡೆಗೆ ಹಿಡಿದರು, ಕೆಲವರು ಹದ್ದಿನಕಲ್ಲಿನ ಕಡೆಗೆ. ಕೈ ಸೋತವರು ಬಂಡೆಗೆ ಒರಗಿಸಿಟ್ಟರು. ಗುಡ್ಡಕ್ಕೆ ಗುಡ್ಡವೇ ಹೊತ್ತಿ ಉರಿದಂತಾಯಿತು.

ದೊರೆ ಅಳತೆ ಪೂರೈಸಲು ಹದ್ದಿನಕಲ್ಲಿಗೆ ಮರಳಿದ್ದ. ಜೋಡಿಗುಂಡಿನಲ್ಲಿ ಈಗ ಅವನ ಸ್ವಂತ ಆಳು ಕನ್ನಡಿ ಹಿಡಿದಿದ್ದ. ದುರ್ಬೀನಿಗೆ ಕಣ್ಣಿಟ್ಟರೆ ಬೆಳಕೋ ಬೆಳಕು. ಸರ್ಕಾರದ ಬೆಳಕು ಯಾವುದು, ಹಟ್ಟಿಯ ಬೆಳಕು ಯಾವುದು ಎಂದು ತಿಳಿಯದಾಯಿತು. ಸಿಪಾಯಿಗಳನ್ನು ಕಳಿಸಿದ. ಅವರು ಏದುಸಿರು ಬಿಡುತ್ತ ಹತ್ತಿ ಬಂದಾಗ ಹೆಂಗಸರು ಗಂಗಾಳಗಳ ಮುಂದೆ ಕುಳಿತು ಎಲೆಯಡಿಕೆ ಹಾಕುತ್ತಿದ್ದರು. “ಉಣ್ಣೋ ಗಂಗಾಳ ಕಣಪ್ಪ, ತೊಳೆದು ಒಣಗೋಕೆ ಇಟ್ಟಿದ್ದೀವಿ. ಕೆಳಗೆ ನೆರಳು ಜಾಸ್ತಿ” ಎಂದಳು ಸೂರಮ್ಮ. ಸಿಪಾಯಿಗಳೂ ಈ ನಾಡಿನವರೇ. ಉಣ್ಣುವ ಗಂಗಾಳಕ್ಕೆ ಕೈ ಹಾಕಲು ಅವರಿಗೆ ಮನಸ್ಸು ಬರಲಿಲ್ಲ. ಮೊದಲ ಸಲ ಕಿತ್ತುಕೊಂಡವನ ಮುಖವಂತೂ ನೆಲ ನೋಡುತ್ತಿತ್ತು ಎನ್ನುತ್ತಾರೆ. ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ಸುದ್ದಿ ಕೇಳಿ ಅಕ್ಕಪಕ್ಕದ ಹಟ್ಟಿಗಳಿಂದಲೂ ಹೆಂಗಸರು ಗಂಗಾಳ ಹಿಡಿದು ಬಂದರು. ಅಷ್ಟರಲ್ಲಿ ಪಡುವಲಲ್ಲಿ ಮೋಡ ಕಟ್ಟತೊಡಗಿತು. ಮಳೆ ಹಿಡಿದರೆ ಆ ವರ್ಷದ ಅಳತೆ ಮುಗಿದ ಹಾಗೆಯೇ. ದೊರೆ ಹಲ್ಲು ಕಡಿದ, ಡೇರೆಯೊಳಗೆ ಶತಪಥ ತಿರುಗಿದ, ಕೊನೆಗೆ ದುಭಾಷಿಯನ್ನು ಗುಡ್ಡಕ್ಕೆ ಕಳಿಸಿದ.

“ನಿಮಗೆ ಏನು ಬೇಕು?” ಎಂದು ದುಭಾಷಿ ಕೇಳಿದ. ಸೂರಮ್ಮ ಹೇಳಲು ಬಾಯಿ ತೆರೆದಳು, ಆದರೆ ಪಾಲಮ್ಮ ಮುಂದಾದಳು. “ಈ ಗಂಗಾಳದಾಗೆ ಉಣ್ಣೋರನ್ನೆಲ್ಲ ಕಳಿಸಿಕೊಡ್ರಿ” ಎಂದಳು. “ಅವರು ಉಣ್ಣೋಕೆ ಕುಂತರೆ ಗಂಗಾಳ ತಾನಾಗೇ ಕೆಳಗೆ ಇಳೀತಾವೆ.”

ಆಳುಗಳು ಎರಡು ದಿನಕ್ಕೆ ಹಿಂದಿರುಗಿದರು. ಯಂತ್ರ ಹೊತ್ತು ಹೆಗಲು ಬಾತವರು, ಮುಳ್ಳು ಕಡಿದು ಕೈ ಹರಿದವರು, ಬಯಲಿನಲ್ಲಿ ಸಾಲಾಗಿ ಬರುವುದನ್ನು ಹೆಂಗಸರು ಗುಡ್ಡದ ಮೇಲಿಂದಲೇ ಕಂಡರು. ಕಾಟಯ್ಯ ಎಲ್ಲರಿಗಿಂತ ಹಿಂದಿದ್ದ. ಕಂಕುಳಲ್ಲಿ ಅವನ ಗಂಗಾಳವಿತ್ತು. ಹಟ್ಟಿಯ ದಾರಿ ಬಂದಾಗ ಉಳಿದವರೆಲ್ಲ ಆ ಕಡೆ ತಿರುಗಿದರು, ಅವನು ಮಾತ್ರ ನೇರವಾಗಿ ಗುಡ್ಡ ಹತ್ತತೊಡಗಿದ. ಬಂಡೆಗಳ ನಡುವೆ ದಾರಿ ತಪ್ಪಿ ಒಮ್ಮೆ ಅತ್ತ ಹೋದ, ಒಮ್ಮೆ ಇತ್ತ ಹೋದ. ಪಾಲಮ್ಮ ನೋಡಿ ನೋಡಿ ತಡೆಯಲಾರದಾದಳು. ಹೆಂಡತಿ ಗಂಡನ ಹೆಸರು ಹಿಡಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ್ದ ಕಾಲದಲ್ಲಿ, ಅತ್ತೆಯ ಪಕ್ಕದಲ್ಲೇ ನಿಂತು, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ, “ಕಾಟಯ್ಯಾ!” ಎಂದು ಕೂಗಿದಳು. ಬಂಡೆಗಳು ಆ ಹೆಸರನ್ನು ಎತ್ತಿಕೊಂಡು ಮತ್ತೆ ಮತ್ತೆ ಹೇಳಿದವು. ಕಾಟಯ್ಯ ತಲೆ ಎತ್ತಿದ. ಸೂರಮ್ಮ ಬೇರೆ ಕಡೆ ತಿರುಗಿಕೊಂಡು ತನ್ನ ಗಂಡನ ಗಂಗಾಳವನ್ನು ಸೆರಗಿನಿಂದ ಒರೆಸತೊಡಗಿದಳು.

ಮೋಜಣಿ ಮುಗಿಸಿ ಹೊರಡುವ ಮೊದಲು ದುಭಾಷಿ ನಕ್ಷೆಗೆ ಹೆಸರು ಬೇಕೆಂದು ಕೇಳಿದನಂತೆ. ಹಟ್ಟಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಲ ಗುಡ್ಡವೆಂದು ಯಾರೂ ಹೇಳಲಿಲ್ಲ. ಕಾಟಯ್ಯ ಮತ್ತು ಪಾಲಮ್ಮನ ಮಗಳು ಆ ಮಳೆಗಾಲ ಕಳೆದ ಮೇಲೆ ಹುಟ್ಟಿದಳು. ಗಂಡಹೆಂಡಿರು ಬಹುಕಾಲ ಬಾಳಿದರು. ಕಾಟಯ್ಯ ಹಣ್ಣುಹಣ್ಣು ಮುದುಕನಾಗಿ ಸತ್ತದ್ದರಿಂದ, ಹೆಸರು ಕೂಗಿದರೆ ಆಯಸ್ಸು ಕಡಿಮೆಯಾಗುವುದಿಲ್ಲ ಎಂಬುದೂ ಹಟ್ಟಿಗೆ ತಿಳಿಯಿತು.

ಈಗ ಗುಡ್ಡ ಹತ್ತಿದವರಿಗೆ ನೆತ್ತಿಯಲ್ಲಿ ಗುಡಿಯೇನೂ ಸಿಗದು. ಮೋಜಣಿಯವರು ನೆಟ್ಟ ಒಂದು ಮೋಟು ಕಲ್ಲಿದೆ. ಅದರ ಗುರುತು ಸವೆದುಹೋಗಿದೆ, ಕುರಿಗಳು ಅದಕ್ಕೆ ಮೈ ಉಜ್ಜುತ್ತವೆ. ಎದುರಿನ ಜೋಡಿಗುಂಡಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಆದರೆ ಮದುವೆಯ ಕಾಲದಲ್ಲಿ ಬಂದರೆ ಒಂದು ಸಂಗತಿ ಕಾಣಬಹುದು. ಹಟ್ಟಿಗೆ ಹೊಸದಾಗಿ ಬಂದ ಸೊಸೆಯನ್ನು ಅತ್ತೆಯೇ ಕೈ ಹಿಡಿದು ಇಲ್ಲಿಗೆ ಕರೆತರುತ್ತಾಳೆ. ಬಂಡೆಯ ತುದಿಗೆ ನಿಲ್ಲಿಸಿ, “ಹೂಂ, ಕೂಗು” ಎನ್ನುತ್ತಾಳೆ. ಹುಡುಗಿ ನಾಚುತ್ತಾಳೆ, ಸೆರಗು ಬಾಯಿಗೆ ಹಿಡಿಯುತ್ತಾಳೆ, ಸುತ್ತ ನಿಂತವರು ನಗುತ್ತಾರೆ. ಕೊನೆಗೆ ಅವಳು ಕಣ್ಣು ಮುಚ್ಚಿ ಗಂಡನ ಹೆಸರನ್ನು ಕೂಗುತ್ತಾಳೆ. ಕೆಳಗೆ ಹಟ್ಟಿಯಲ್ಲಿ ಎಲ್ಲೋ ಕೆಲಸದಲ್ಲಿರುವ ಆ ಹುಡುಗ ಎದ್ದು ನಿಂತು ‘ಓ’ ಎನ್ನಬೇಕು.